ಹೆಸರಿಲ್ಲದ ಮಾತ್ರೆ, ಹತ್ತು ಗಂಟೆಯ ಗಂಜಿ

ಇಪ್ಪತ್ತೆಂಟು ವರ್ಷ ಬೇರೆಯವರ ಮಕ್ಕಳನ್ನು ಓಡಿಸಿ ಅನ್ನ ಉಂಡವನು ನಾನು. ಅಂಕೋಲೆ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ನನ್ನ ಬಾಯಿಗೆ ಊರಿನಲ್ಲಿ ಒಳ್ಳೆಯ ಹೆಸರಿರಲಿಲ್ಲ. ನಾನು ಮೈದಾನದಲ್ಲಿ ನಿಂತು ‘ಏಯ್’ ಎಂದರೆ ರಸ್ತೆಯಲ್ಲಿ ಹೋಗುವ ಮೀನಿನ ಸೈಕಲ್ಲಿನವನೂ ಬ್ರೇಕು ಹಾಕುತ್ತಾನೆ ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನಿಲ್ಲ, ಒಂದು ಸಲ ಹಾಕಿದ್ದಾನೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿರಬೇಕು. ಆ ಮಳೆಗಾಲ ಒಂದು ಜ್ವರ ಬಂತು, ಹೋಯಿತು. ಹೋಗುವಾಗ ನನ್ನ ಅರ್ಧ ಉಸಿರನ್ನೂ ಕಟ್ಟಿಕೊಂಡು ಹೋಯಿತು. ಧ್ವಜಕಂಬದಿಂದ ನಲ್ಲಿಯ ತನಕ ನಡೆದರೆ ಸಾಕು, ಸೊಂಟಕ್ಕೆ ಕೈಕೊಟ್ಟು ನಿಲ್ಲಬೇಕು. ಒಂದು ದಿನ ಖೋಖೋ ಆಡಿಸುತ್ತಿದ್ದವನು ಉಸಿರು ಸಾಲದೆ ಗೆರೆಯ ಮೇಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ಮಾಸ್ತರೂ ಆಟಕ್ಕೆ ಇಳಿದರು ಎಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟು ಅವಮಾನ ನನಗೆ ಹಿಂದೆಂದೂ ಆಗಿರಲಿಲ್ಲ.

ಕಾರವಾರದ ಒಂದು ಖಾಸಗಿ ನರ್ಸಿಂಗ್ ಹೋಮಿನ ಮಹಡಿಗೆ ವಾರಕ್ಕೊಮ್ಮೆ ದಕ್ಷಿಣದ ಕಡೆಯಿಂದ ಒಬ್ಬ ಹೃದಯದ ಡಾಕ್ಟರು ಬರುತ್ತಿದ್ದರು. ಎದೆಯ ಮೇಲೆ ತಣ್ಣಗಿನ ಅಂಟು ಸವರಿ, ಟಿ.ವಿ.ಯಂಥದ್ದರಲ್ಲಿ ನನ್ನ ಹೃದಯವನ್ನು ನನಗೇ ತೋರಿಸಿದರು. ಅದು ಬಡಿಯುತ್ತಿತ್ತು ಅನ್ನುವುದಕ್ಕಿಂತ ಅಲ್ಲಾಡುತ್ತಿತ್ತು ಅನ್ನಬೇಕು. ಬೆಳಗಿನ ಡ್ರಿಲ್ಲಿಗೆ ನಿದ್ದೆಗಣ್ಣಲ್ಲಿ ಬಂದ ಹುಡುಗರು ಕೈ ಎತ್ತಿದ ಹಾಗೆ. “ಹೃದಯ ಹಿಗ್ಗಿ ದೊಡ್ಡದಾಗಿದೆ. ಸ್ನಾಯು ಸೋತಿದೆ. ರಕ್ತವನ್ನು ಒತ್ತಿ ಹೊರಗೆ ಹಾಕುವ ಬಲ ಅದಕ್ಕಿಲ್ಲ” ಎಂದರು.

ನನ್ನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಹೆದರಿಕೆಯಾದಾಗ ತಮಾಷೆ ಹೆಚ್ಚು. “ಇವ್ರಿಗೆ ದೊಡ್ಡ ಹೃದಯ ಉಂಟು ಅಂದ್ರಾ? ಇಷ್ಟು ವರ್ಷ ಸಂಸಾರ ಮಾಡ್ದ ನಂಗೇ ಗೊತ್ತಿರ್ಲಿಲ್ಲ” ಎಂದಳು. ಡಾಕ್ಟರು ನಕ್ಕರು. ನಾನು ನಗಲಿಲ್ಲ.

ಹೆಡ್ ಮಾಸ್ತರು ಒಳ್ಳೆಯವರೇ. ಮನೆಗೇ ಬಂದು, “ಮೇ ತನಕ ರಜೆ ಹಾಕಿ. ಜೂನಿನಲ್ಲಿ ಶಾಲೆ ಶುರುವಾಗುವಾಗ ನಿಮ್ಮನ್ನ ಲೈಬ್ರರಿ ರೂಮಿಗೆ ಹಾಕ್ತೆ. ಪುಸ್ತಕ ಕೊಡೂದು, ತಕಂಬೂದು, ಅಷ್ಟೇ ಕೆಲ್ಸ” ಎಂದರು. ಅವರು ಚಹಾ ಕುಡಿದು ಗೇಟು ದಾಟುವ ತನಕ ಹಲ್ಲು ಕಚ್ಚಿ ಕೂತೆ. ಆಮೇಲೆ ಹೆಂಡತಿಯ ಮೇಲೆ ಹರಿಹಾಯ್ದೆ. ಪುಸ್ತಕಕ್ಕೆ ರಟ್ಟು ಹಾಕುತ್ತ ಕೂರಲೆಂದು ನಾನು ಹುಟ್ಟಿದ್ದೇ? ನನಗೆ ಮೈದಾನ ಬೇಕು. ಜೂನಿನಲ್ಲಿ ನಾನು ಮೈದಾನಕ್ಕೇ ಇಳಿಯಬೇಕು. ಬೇರೆ ಯಾವ ಆಸೆಯೂ ಆಗ ನನಗಿರಲಿಲ್ಲ, ಬದುಕುವ ಆಸೆ ಕೂಡ ಅದರೊಳಗೇ ಸೇರಿಕೊಂಡಿತ್ತು.

ಅಕ್ಟೋಬರಿನಲ್ಲಿ ಡಾಕ್ಟರು ಒಂದು ಮಾತು ತೆಗೆದರು. ಸೋತ ಹೃದಯದ ಸ್ನಾಯುವಿಗೆ ಬಲ ಕೊಡುವ ಹೊಸ ಮಾತ್ರೆಯೊಂದು ಪ್ರಯೋಗದಲ್ಲಿದೆ, ಇನ್ನೂ ಪೇಟೆಗೆ ಬಂದಿಲ್ಲ, ಅದಕ್ಕೆ ಹೆಸರು ಕೂಡ ಇಟ್ಟಿಲ್ಲ, ಬರೀ ಒಂದು ನಂಬರು, ನೀವು ಸೇರುತ್ತೀರಾ ಎಂದು. ಹಾಗೆ ಬಲ ಕೊಡುವ ಹಳೆಯ ಔಷಧಿಗಳು ಇಲ್ಲವೇ ಎಂದು ಕೇಳಿದೆ.

“ಇವೆ. ಆದರೆ ಅವು ದಣಿದ ಎತ್ತಿಗೆ ಬಾರುಕೋಲು ಬೀಸಿದ ಹಾಗೆ. ಆ ಹೊತ್ತಿಗೆ ಓಡುತ್ತೆ, ಆಮೇಲೆ ಇನ್ನಷ್ಟು ಸೋಲುತ್ತೆ. ಕೆಲವರಿಗೆ ಬಡಿತವೇ ದಾರಿ ತಪ್ಪುತ್ತೆ. ಈ ಹೊಸದು ಬೇರೆ ಥರ. ಸ್ನಾಯುವಿನೊಳಗೆ ಸಣ್ಣ ಸಣ್ಣ ಎಳೆಗಳಿವೆ. ಒಂದು ಎಳೆಗೆ ಪುಟ್ಟ ಕೈಗಳ ಹಾಗಿನ ಭಾಗಗಳು. ಅವು ಪಕ್ಕದ ಎಳೆಯನ್ನು ಹಿಡಿದು ಜಗ್ಗಿದಾಗ...”

“ಹಗ್ಗ ಜಗ್ಗಾಟ!” ಎಂದು ನಾನು ಬಾಯಿ ಹಾಕಿದೆ.

“ಅದೇ. ನಿಮ್ಮ ತಂಡದಲ್ಲಿ ಅರ್ಧ ಜನ ಹಗ್ಗಕ್ಕೆ ಕೈ ತಾಗಿಸಿಕೊಂಡು ಸುಮ್ಮನೆ ನಿಂತಿದ್ದಾರೆ. ಅವರೂ ಬಿಗಿಯಾಗಿ ಹಿಡಿಯುವ ಹಾಗೆ ಮಾಡಬಹುದೇ ಅಂತ ನೋಡೋದು.”

ಅಂಥ ಸೋಮಾರಿಗಳನ್ನು ನಾನು ಜೀವಮಾನವಿಡೀ ನೋಡಿದ್ದೇನೆ. ಹಗ್ಗದ ತುದಿಯಲ್ಲಿ ನಿಂತು ಮುಖ ಮಾತ್ರ ಕೆಂಪಗೆ ಮಾಡಿಕೊಳ್ಳುವವರು. ಅವರು ನನ್ನ ಎದೆಯೊಳಗೇ ಸೇರಿಕೊಂಡಿದ್ದಾರೆ ಎಂದರೆ ಬಿಡುವುದುಂಟೇ? ಕೂಡಲೇ ಸೇರುತ್ತೇನೆ ಎಂದೆ.

ಆದರೆ ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಪ್ರಯೋಗಕ್ಕೆ ಸೇರಿದವರಲ್ಲಿ ಅರ್ಧ ಜನರಿಗೆ ನಿಜವಾದ ಮಾತ್ರೆ, ಇನ್ನರ್ಧ ಜನರಿಗೆ ನೋಡಲು ಅದೇ ಥರ ಇರುವ, ಔಷಧಿಯೇ ಇಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದೆಂದು ನನಗೂ ಗೊತ್ತಿರುವುದಿಲ್ಲ, ಅವರಿಗೂ ಗೊತ್ತಿರುವುದಿಲ್ಲ. ಮೈಯ ನೀರು ಇಳಿಸುವಂಥ ಮಾಮೂಲಿ ಔಷಧಿಗಳು ಮಾತ್ರ ಎಲ್ಲರಿಗೂ ಇದ್ದೇ ಇರುತ್ತವೆ. ಇದನ್ನೆಲ್ಲ ಬರೆದ ಒಪ್ಪಿಗೆ ಪತ್ರವನ್ನು ಮನೆಗೆ ಕೊಟ್ಟು ಕಳಿಸಿದರು. ಎಂಥ ಕನ್ನಡ ಅದು! ಮೊದಲ ಪುಟದಲ್ಲೇ ಏಳು ತಪ್ಪು. ಕೆಂಪು ಪೆನ್ನು ಹಿಡಿದು ಪೂರ್ತಿ ತಿದ್ದಿ, ಕೆಳಗೆ ಸಹಿ ಹಾಕಿ ತಂದೆ. ಡಾಕ್ಟರು ತಲೆ ಚಚ್ಚಿಕೊಂಡು, ಹೊಸ ಪ್ರತಿ ತರಿಸಿ ಇನ್ನೊಮ್ಮೆ ಸಹಿ ಹಾಕಿಸಿಕೊಂಡರು. ಆ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಸಾಲು: ಯಾವಾಗ ಬೇಕಾದರೂ, ಕಾರಣ ಹೇಳದೆ ಹೊರಗೆ ಹೋಗಬಹುದು. ಸರ್ಕಾರಿ ನೌಕರಿಯಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ.

ಮೊದಲ ಪರೀಕ್ಷೆಯೇ ನಡಿಗೆ. ಮಹಡಿಯ ಉದ್ದನೆಯ ಪಡಸಾಲೆಯಲ್ಲಿ ಎರಡು ತುದಿಗೆ ಎರಡು ಕುರ್ಚಿ. ಒಂದರಿಂದ ಇನ್ನೊಂದಕ್ಕೆ ಆರು ನಿಮಿಷ ನಡೆಯಬೇಕು, ಎಷ್ಟು ದೂರ ಆಯಿತು ಎಂದು ಅಳೆಯುತ್ತಾರೆ. ಗಡಿಯಾರ ಹಿಡಿದು ನಿಂತಿದ್ದ ನರ್ಸು ನನ್ನನ್ನು ನೋಡಿ ನಕ್ಕಳು. ಕಾರವಾರದ ಪಕ್ಕದ ಅರ್ಗಾದವಳು. ಅಂಕೋಲೆಯ ಅಜ್ಜಿಮನೆಯಲ್ಲಿ ಇದ್ದುಕೊಂಡು ಓದಿದ್ದ ನನ್ನದೇ ಹಳೆಯ ವಿದ್ಯಾರ್ಥಿನಿ. ಪ್ರಾರ್ಥನೆಗೆ ತಡವಾಗಿ ಬಂದಳೆಂದು ಅವಳಿಗೆ ಮೈದಾನ ಮೂರು ಸುತ್ತು ಹಾಕಿಸಿದ್ದು ನನಗೆ ನೆನಪಾಯಿತು. ಅವಳಿಗೂ ನೆನಪಿತ್ತು.

“ಸರ್, ಇದು ಓಟ ಅಲ್ಲ. ದಣಿವಾದ್ರೆ ನಿಂತ್ಕಂಡ್ರೂ ಅಡ್ಡಿಲ್ಲ” ಎಂದಳು.

“ನಂಗೆ ಹೇಳೂಕೆ ಬತ್ತ್ಯಾ?” ಎಂದೆ. ಅವಳು ಗಡಿಯಾರ ಒತ್ತಿದ್ದೇ ತಡ, ಬಿರಬಿರನೆ ಹೊರಟೆ. ಮೂರನೇ ನಿಮಿಷಕ್ಕೆ ಗೋಡೆ ಹಿಡಿದೆ. ಐದನೇ ನಿಮಿಷಕ್ಕೆ ಅವಳೇ ಕುರ್ಚಿ ತಂದಳು. ಲೆಕ್ಕ ಹಾಕಿದರೆ ನೂರಾ ಎಂಬತ್ತು ಮೀಟರು. ನಮ್ಮ ಮೈದಾನದ ಒಂದು ಸುತ್ತೂ ಅಲ್ಲ. ವಾಪಸು ಬರುವ ಬಸ್ಸಿನಲ್ಲಿ ಅಂಕೋಲೆ ಬರುವ ತನಕ ಕಿಟಕಿಗೆ ಮುಖ ಮಾಡಿ ಕೂತೆ.

ಮಾತ್ರೆಯ ಬಾಟಲಿಯ ಜೊತೆಗೆ ಒಂದು ಪುಸ್ತಕವನ್ನೂ ಕೊಟ್ಟಿದ್ದರು. ದಿನಾ ಬೆಳಿಗ್ಗೆ ತೂಕ ನೋಡಿ ಬರೆಯಬೇಕು. ಎಷ್ಟು ನೀರು ಕುಡಿದೆ ಎಂದು ಬರೆಯಬೇಕು. ನೀರು ಒಂದೂವರೆ ಲೀಟರು ದಾಟಬಾರದು, ಉಪ್ಪು ಕಡಿಮೆ. ಸೋತ ಹೃದಯಕ್ಕೆ ನೀರೇ ಭಾರ, ಅದು ಕಾಲಿಗೂ ಶ್ವಾಸಕೋಶಕ್ಕೂ ಇಳಿದು ಕೂರುತ್ತದಂತೆ. ನಾನು ಶಿಸ್ತಿನ ಮನುಷ್ಯ. ಸ್ಕೇಲು ಇಟ್ಟು ಗೆರೆ ಹಾಕಿ, ನೀರು ಇಷ್ಟು, ಚಹಾ ಇಷ್ಟು, ಮಜ್ಜಿಗೆ ಇಷ್ಟು ಎಂದು ಹಾಜರಿ ಪುಸ್ತಕದಂತೆ ಬರೆದೆ. ಬಾಯಿ ಒಣಗಿ ನಾಲಿಗೆ ಅಂಟಿದರೂ ಒಂದು ಗುಟುಕು ಹೆಚ್ಚು ಕುಡಿಯಲಿಲ್ಲ.

ಆದರೂ ಡಿಸೆಂಬರಿನ ಹೊತ್ತಿಗೆ ನನ್ನ ಕಾಲು ಊದಿಕೊಂಡಿತು. ಚಪ್ಪಲಿಯ ಪಟ್ಟಿ ಹಾಕಲು ಬರುತ್ತಿರಲಿಲ್ಲ. ತೂಕ ನಾಲ್ಕು ಕಿಲೋ ಏರಿತು. ಕಾರವಾರದಲ್ಲಿ ಡಾಕ್ಟರು ಬೆರಳಿನಿಂದ ನನ್ನ ಕಣಕಾಲು ಒತ್ತಿ, ಬಿದ್ದ ಗುಳಿಯನ್ನು ಬಗ್ಗಿ ನೋಡಿದರು. ಆಮೇಲೆ, “ಮಾಸ್ತರೇ, ಇದು ಮಾತ್ರೆಯದೇ ತೊಂದರೆಯೋ ಏನೋ ಗೊತ್ತಾಗುತ್ತಿಲ್ಲ. ನೀರಂತೂ ನೀವು ಹೆಚ್ಚು ಕುಡಿದಿಲ್ಲ. ಹೀಗೇ ಆದರೆ ನಿಮ್ಮನ್ನು ಪ್ರಯೋಗದಿಂದ ತೆಗೆಯಬೇಕಾಗುತ್ತೆ” ಎಂದರು.

ಲೈಬ್ರರಿ ರೂಮಿನ ಕಪಾಟುಗಳು ನನ್ನ ಕಣ್ಣೆದುರು ಬಂದು ನಿಂತವು. ಹೆಂಡತಿ ಸೆರಗಿನ ತುದಿ ಸುತ್ತುತ್ತಿದ್ದಳು, ಒಂದು ತಮಾಷೆಯೂ ಅವಳ ಬಾಯಿಂದ ಬರಲಿಲ್ಲ.

ಆಗ ಮೂಲೆಯಲ್ಲಿ ನನ್ನ ಪುಸ್ತಕ ತಿರುಗಿಸುತ್ತಿದ್ದ ನರ್ಸು ತಲೆ ಎತ್ತಿದಳು. “ಸರ್, ಬೆಳಿಗ್ಗೆ ಎಂಟಕ್ಕೆ ಚಹಾ ಬರ್ದೀರಿ. ಆಮೇಲೆ ಒಂದು ಗಂಟೆಗೆ ಊಟದ ನೀರು. ನಡು ಮಧ್ಯೆ ಎಂತಾ ಮಾಡ್ತ್ರಿ?”

“ಎಂತ ಮಾಡೂದು? ಹತ್ತು ಗಂಟೆಗೆ ಗಂಜಿ ಉಣ್ತೆ.”

“ಗಂಜಿ ಬರೀಲಿಲ್ಲ ಅಲ್ದಾ?”

“ಗಂಜಿ ಎಂತಕ್ಕೆ ಬರೀಬೇಕು? ಅದು ಊಟ ಮಾರಾಯ್ತಿ. ನೀರಾ ಅದು?”

ಅವಳು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟರಿಗೆ ಮಾತ್ರ ಏನೂ ಅರ್ಥವಾಗಲಿಲ್ಲ. ಅವರ ಮನೆಯಲ್ಲಿ ಬೆಳಿಗ್ಗೆ ಇಡ್ಲಿ, ದೋಸೆ, ಅಷ್ಟೇ. ನಮ್ಮಲ್ಲಿ ಹತ್ತು ಗಂಟೆಗೆ ಗಂಜಿ ಉಣ್ಣದವನು ಆ ದಿನ ಏನೂ ತಿಂದಿಲ್ಲ ಎಂದೇ ಲೆಕ್ಕ ಎಂಬುದನ್ನು ಅವಳೇ ಅವರಿಗೆ ಬಿಡಿಸಿ ಹೇಳಿದಳು. ಎಷ್ಟು ಉಣ್ಣುತ್ತೀರಿ ಎಂದು ಅವರು ಕೇಳಿದಾಗ ನಾನು ಹೆಂಡತಿಯ ಮುಖ ನೋಡಿದೆ.

“ಹುಷಾರಿಲ್ದವ್ರಿಗೆ ಗಂಜಿ ಅಲ್ದೆ ಮತ್ತೆಂತ ಕೊಡೂದು?” ಎಂದಳು ಅವಳು. ಹಿಲ್ಲೂರಿನ ತವರಿನಿಂದ ಬರುವ ಕೆಂಪು ಕುಚ್ಚಿಗೆ ಅಕ್ಕಿ. ಜ್ವರ ಬಂದಾಗಿನಿಂದ ನನಗೆ ಬಲ ಬರಲೆಂದು ಅವಳು ಗಂಜಿಯನ್ನು ಹೆಚ್ಚು ಮಾಡಿದ್ದಳು, ಹಗುರಾಗಲೆಂದು ಅದರ ತಿಳಿನೀರನ್ನೂ ಹೆಚ್ಚು ಬಿಟ್ಟಿದ್ದಳು. ಬೆಳಿಗ್ಗೆ ಎರಡು ಬಟ್ಟಲು, ಸಂಜೆ ಹಸಿವೆಯಾದರೆ ಇನ್ನೊಂದು. ನಂಜಿಕೊಳ್ಳಲು ಉಪ್ಪು ನೀರಿನ ಮಾವಿನಕಾಯಿ. ಸಾರಿಗೆ ಉಪ್ಪು ಹಾಕದೆ ಮಾಡುತ್ತಿದ್ದಳಲ್ಲ, ಬಾಯಿ ಕೆಟ್ಟುಹೋದೀತು ಎಂದು ಆ ಕನಿಕರ. ಮಾವಿನಕಾಯಿಯ ಉಪ್ಪು ಸಾರಿನ ಉಪ್ಪಲ್ಲ, ಗಂಜಿಯ ತಿಳಿ ಕುಡಿಯುವ ನೀರಲ್ಲ ಎಂದು ನಾವಿಬ್ಬರೂ ಮನಃಪೂರ್ವಕ ನಂಬಿದ್ದೆವು.

ಡಾಕ್ಟರು ಮಾತ್ರೆಯ ಮಾತು ಅಲ್ಲಿಗೇ ನಿಲ್ಲಿಸಿ, “ಮುಂದಿನ ವಾರ ಆ ಬಟ್ಟಲು ತನ್ನಿ” ಎಂದರು. ಅರ್ಗಾ ದಾಟುವಾಗ ಬಸ್ಸಿನಲ್ಲಿ ಹೆಂಡತಿಯ ಕಣ್ಣು ತುಂಬಿತು. “ನಾನೇ ನಿಮ್ಮನ್ನ ಮುಳುಗಿಸ್ತಿದ್ದೆ ಅಲ್ರಾ” ಎಂದಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಷ್ಟು ಪ್ರೀತಿಯಿಂದ ಯಾರನ್ನಾದರೂ ಯಾರಾದರೂ ಮುಳುಗಿಸಿದ್ದು ನಾನು ಕೇಳಿಲ್ಲ ಎಂದೆ. ಅವಳು ಅತ್ತುಕೊಂಡೇ ನಕ್ಕಳು.

ಮುಂದಿನ ವಾರ ನಾವು ಗಂಜಿಯನ್ನೇ ಮುಚ್ಚಳದ ಪಾತ್ರೆಯಲ್ಲಿ, ನಮ್ಮ ಉಗ್ಗದಲ್ಲಿ, ತುಂಬಿಕೊಂಡು ಹೋದೆವು. ಮಹಡಿಯಲ್ಲಿ ಒಂದು ಜಾತ್ರೆಯೇ ಸೇರಿತು. ನರ್ಸು ನಮ್ಮ ಬಟ್ಟಲಿಗೆ ಮನೆಯಲ್ಲಿ ಬಡಿಸುವಷ್ಟನ್ನೇ ಹೆಂಡತಿಯ ಕೈಯಿಂದ ಹಾಕಿಸಿ, ತಿಳಿಯನ್ನು ಬಸಿದು, ಗೆರೆ ಇರುವ ಜಾಡಿಗೆ ಸುರಿದಳು. ಮೂರು ಬಟ್ಟಲಿಗೆ ಒಂದೂಕಾಲು ಲೀಟರು. ಡಾಕ್ಟರು ಜಾಡಿಯನ್ನು ಬೆಳಕಿಗೆ ಹಿಡಿದು, “ಪ್ರಯೋಗದ ಪುಸ್ತಕದಲ್ಲಿ ಪ್ರಪಂಚದ ಎಲ್ಲ ಪಾನೀಯಗಳ ಹೆಸರಿದೆ, ಇದೊಂದು ಇಲ್ಲ” ಎಂದರು. ನಂತರ ನನ್ನ ಪುಸ್ತಕದಲ್ಲಿ ತಮ್ಮ ಕೈಯಾರೆ ಹೊಸ ಗೆರೆ ಹಾಕಿ ‘ಗಂಜಿ’ ಎಂದು ಬರೆದರು. ಅಕ್ಷರ ಸುಮಾರಾಗಿತ್ತು, ಆದರೆ ತಪ್ಪಿರಲಿಲ್ಲ.

ಅಲ್ಲಿಂದ ತಿಳಿ ಬಸಿದ ಗಂಜಿ, ಒಂದೇ ಬಟ್ಟಲು. ಮಾವಿನಕಾಯಿಯ ಭರಣಿ ಪಕ್ಕದ ಮನೆಗೆ ಹೋಯಿತು. ಎರಡು ವಾರದಲ್ಲಿ ಕಾಲು ಇಳಿಯಿತು, ಉಸಿರು ಕಟ್ಟದೆ ಬೆನ್ನು ಕೆಳಗಿಟ್ಟು ಮಲಗಲು ಬಂತು. ಜನವರಿಯಲ್ಲಿ ಇನ್ನೂರ ಎಪ್ಪತ್ತು ಮೀಟರು ನಡೆದೆ. ಮಾರ್ಚಿನಲ್ಲಿ ಮುನ್ನೂರ ತೊಂಬತ್ತು. ಗಡಿಯಾರ ಹಿಡಿದವಳು “ಭೇಷ್ ಸರ್” ಎಂದಳು, ನಾನು ಅವಳಿಗೆ ಎಂದೂ ಹೇಳದ ಮಾತು. ಆ ದಿನ ಊಟಕ್ಕೆ ಕಾರವಾರದ್ದೇ ಕೋಡಿಬಾಗದ ನಾದಿನಿಯ ಮನೆಗೆ ಹೋದವರು, ಸಂಜೆ ಕಾಳಿ ನದಿಯ ದಂಡೆಯಲ್ಲಿ ನಡೆದೆವು. ಗಾಳಿ ತಂಪಾಗಿತ್ತು. ಹಿಂದೆ ತಿರುಗಿ ನೋಡಿದರೆ ಹೆಂಡತಿ ಅಷ್ಟು ದೂರ ಉಳಿದಿದ್ದಾಳೆ. “ಸ್ವಲ್ಪ ನಿಧಾನ ಹೋಗಿ! ಮಾತ್ರೆ ನುಂಗಿದ್ದು ನೀವು, ನಾನಲ್ಲ” ಎಂದು ಅಲ್ಲಿಂದಲೇ ಕೂಗಿದಳು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಈ ಮಾತನ್ನು ಅವಳಿಗೂ ಹೇಳಿದ್ದೇನೆ, ಬೈಸಿಕೊಂಡಿದ್ದೇನೆ.

ಆಮೇಲೆ ನನ್ನ ಬಾಯಿ ಕೇಳಬೇಕೇ? ಅಂಕೋಲೆಯ ಮೀನು ಪೇಟೆಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಆ ಮಾತ್ರೆಯ ಗುಣಗಾನ ಮಾಡಿದೆ. ಗಂಜಿಯ ಕತೆಯನ್ನು ಮಾತ್ರ ನಾಜೂಕಾಗಿ ಬಿಟ್ಟೆ. ನನಗೆ ಸಿಕ್ಕಿದ್ದು ನಿಜವಾದ ಮಾತ್ರೆಯೇ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನನ್ನ ಎದೆಯೊಳಗೆ ಹಗ್ಗ ಹಿಡಿದವರು ಬಿಗಿಯಾಗಿ ಜಗ್ಗುತ್ತಿರುವುದು ನನಗೆ ಕೇಳಿಸುತ್ತಿತ್ತು.

ಏಪ್ರಿಲ್ ಕೊನೆಯಲ್ಲಿ ಡಾಕ್ಟರು ನಮ್ಮನ್ನು ಕರೆಸಿದರು. ಪ್ರಯೋಗವನ್ನು ಎಲ್ಲ ಕಡೆ ನಿಲ್ಲಿಸಿದ್ದಾರೆ, ಅಂದುಕೊಂಡಷ್ಟು ಉಪಯೋಗ ಕಾಣಲಿಲ್ಲವಂತೆ, ಆ ಮಾತ್ರೆ ಪೇಟೆಗೆ ಬರುವುದು ಅನುಮಾನ ಎಂದರು. ಬಾಟಲಿಯಲ್ಲಿ ಉಳಿದಿದ್ದ ಮಾತ್ರೆಗಳನ್ನು ನರ್ಸು ಎಣಿಸಿ ವಾಪಸು ತೆಗೆದುಕೊಂಡಳು. ನನಗೆ ಸಿಕ್ಕಿದ್ದು ಯಾವುದು ಎಂದು ಕೇಳಿದೆ. ಎಲ್ಲರ ಲೆಕ್ಕ ಮುಗಿದ ಮೇಲೆ ಗೊತ್ತಾಗುತ್ತದೆ ಎಂದರು. “ಮಾಮೂಲಿ ಔಷಧಿ ಮುಂದುವರಿಸಿ. ಮೈದಾನಕ್ಕೆ ಹೋಗಲು ಅಡ್ಡಿಯಿಲ್ಲ, ನಾನೇ ಬರೆದುಕೊಡುತ್ತೇನೆ” ಎಂದು ಚೀಟಿಯನ್ನೂ ಕೊಟ್ಟರು.

ಚೀಟಿ ಸಿಕ್ಕಿತು, ಧೈರ್ಯ ಸಿಗಲಿಲ್ಲ. ಜೂನಿನಲ್ಲಿ ಶಾಲೆಗೆ ಹೋದೆ, ಮೈದಾನಕ್ಕೇ ಹೋದೆ, ಆದರೆ ಹೋಗಿ ಕುರ್ಚಿಯಲ್ಲಿ ಕೂತೆ. ಬಲ ಕೊಟ್ಟ ಮಾತ್ರೆಯೇ ಹೋಯಿತಲ್ಲ. ಇಂದಲ್ಲ ನಾಳೆ ಆ ಬಲ ಇಳಿಯುತ್ತದೆ ಎಂದು ದಿನಾ ಬೆಳಿಗ್ಗೆ ಕಾಲು ಒತ್ತಿ ನೋಡಿಕೊಳ್ಳುತ್ತಿದ್ದೆ. ಎರಡು ಹೆಜ್ಜೆ ಜೋರಾಗಿ ಇಟ್ಟರೆ ನಾಡಿ ಹಿಡಿಯುತ್ತಿದ್ದೆ. ಕೂಗುವುದಂತೂ ಬಿಟ್ಟೇಬಿಟ್ಟೆ. ಮಳೆಯಿದ್ದರೆ ಜಗಲಿಯಲ್ಲಿ, ಬಿಸಿಲಿದ್ದರೆ ಗೇರುಮರದ ಕೆಳಗೆ ಕೂತು, “ಆಡಿ ಮಕ್ಳೇ, ಆಡಿ” ಎನ್ನುತ್ತಿದ್ದೆ. ಮಕ್ಕಳಿಗೆ ಸ್ವರ್ಗ. ಓಟದ ಹುಡುಗಿಯರು ಅರ್ಧ ಸುತ್ತು ಓಡಿ, ಉಳಿದರ್ಧ ಮಾತಾಡಿಕೊಂಡು ಬರುತ್ತಿದ್ದರು. ತಾಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂದಿತ್ತು. ಹೆಡ್ ಮಾಸ್ತರು ನನ್ನನ್ನು ನೋಡಿ ಏನೂ ಹೇಳುತ್ತಿರಲಿಲ್ಲ, ಲೈಬ್ರರಿಯ ಬಾಗಿಲು ಮಾತ್ರ ತೆರೆದಿಟ್ಟಿದ್ದರು.

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ಡಾಕ್ಟರ ಫೋನು ಬಂತು. ಹೊಸತಾಗಿ ತೆಗೆದುಕೊಂಡಿದ್ದ ಮೊಬೈಲು ನಮ್ಮ ಮನೆಯಲ್ಲಿ ಅಂಗಳದ ಮೆಟ್ಟಿಲ ಮೇಲೆ ನಿಂತರೆ ಮಾತ್ರ ಕೇಳುತ್ತಿತ್ತು. ಅಲ್ಲಿ ನಿಂತು ಅವರು ಹೇಳಿದ್ದನ್ನು ಎರಡು ಸಲ ಕೇಳಿಸಿಕೊಂಡೆ. ಒಳಗಿಂದ ಹೆಂಡತಿ ಕೈ ಒರೆಸುತ್ತ ಓಡಿ ಬಂದಳು. “ಎಂತ ಅಂದ್ರು?”

ನನಗೆ ಮೈಯೆಲ್ಲ ಉರಿಯುತ್ತಿತ್ತು. “ಎಂತ ಅನ್ನೂದು! ನಂಗೆ ಕೊಟ್ಟದ್ದು ಖಾಲಿ ಮಾತ್ರೆ ಅಂತೆ. ಆರು ತಿಂಗ್ಳು ಬರೀ ಹಿಟ್ಟು ತಿನ್ಸಿದ್ರು ನಂಗೆ! ಊರು ತುಂಬ ಹೇಳ್ಕಂಡು ತಿರುಗಿದ್ನಲ್ಲೇ, ಈಗ ಮುಖ ಎಲ್ಲಿಡೂದು?”

ಅವಳು ಮೊದಲು ನಕ್ಕಳು. ನಕ್ಕು ನಕ್ಕು ಮೆಟ್ಟಿಲ ಮೇಲೇ ಕೂತಳು. ಆಮೇಲೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ನನ್ನ ಮುಖ ನೋಡಿದಳು.

“ಅಲ್ಲಾ, ಹಂಗಾರೆ ಕೋಡಿಬಾಗದಲ್ಲಿ ನನ್ನ ಹಿಂದೆ ಹಾಕಿ ನಡೆದವ್ರು ಯಾರು?”

ನಾನು ಮೊಬೈಲನ್ನು ಜೇಬಿಗೆ ಹಾಕಿದೆ.

“ಮಾತ್ರೆ ಅಲ್ವಲ್ಲ. ನೀವೇ ಅಲ್ದಾ? ಮತ್ತೆ ಈಗ ಇಳಿದು ಹೋಗೂಕೆ ಎಂತ ಉಂಟು?”

ಆ ಮಾತು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದಾಗ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ನಾಲ್ಕು ತಿಂಗಳು ಯಾವುದು ಖಾಲಿಯಾಗುತ್ತದೆ ಎಂದು ಹೆದರಿ ಕೂತಿದ್ದೆನೋ ಅದು ನನ್ನೊಳಗೆ ಬಂದೇ ಇರಲಿಲ್ಲ. ಇದ್ದದ್ದೆಲ್ಲ ನನ್ನದೇ, ಮಾಮೂಲಿ ಔಷಧಿಯದು, ಇವಳು ಬಸಿದ ತಿಳಿಯದು. ನಾನು ಅವಳ ಪಕ್ಕದಲ್ಲಿ ಕೂತು ಸಣ್ಣ ಹುಡುಗನ ಹಾಗೆ ಅತ್ತೆ. ಅವಳು ಬೆನ್ನು ಸವರಿ, “ಹೂಂ, ಸಾಕು, ಯಾರಾದ್ರೂ ನೋಡ್ತ್ರು” ಎಂದಳು.

ಮರುದಿನ ಬಿಸಿಲು ಬಿದ್ದಿತ್ತು. ಮೈದಾನದಲ್ಲಿ ಓಟದ ಹುಡುಗಿಯರು ಎಂದಿನಂತೆ ಅರ್ಧ ಸುತ್ತಿಗೆ ನಿಂತು ಹರಟುತ್ತಿದ್ದರು. ನಾನು ಗೇರುಮರವನ್ನು ದಾಟಿ, ಹಸಿ ಹುಲ್ಲು ತುಳಿಯುತ್ತ, ನೇರ ಅವರತ್ತ ನಡೆದೆ. ನಾಡಿ ಹಿಡಿಯಲಿಲ್ಲ. ಎದೆ ತುಂಬ ಗಾಳಿ ಎಳೆದುಕೊಂಡು, ಒಂದು ವರ್ಷದಿಂದ ಒಳಗೇ ಇದ್ದ ಒಂದು ‘ಏಯ್’ ಹಾಕಿದೆ. ಸ್ಟಾಫ್ ರೂಮಿನ ಕಿಟಕಿಗಳು ತೆರೆದವು. ಹುಡುಗಿಯರು ದಿಕ್ಕಾಪಾಲಾಗಿ ಓಡತೊಡಗಿದರು. ಅವರಲ್ಲಿ ಒಬ್ಬಳು ಓಡುತ್ತಲೇ ಹಿಂದೆ ತಿರುಗಿ, ಅಳು ಬಂದ ದನಿಯಲ್ಲಿ ಗೆಳತಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು:

“ಅಯ್ಯೋ ದೇವ್ರೇ, ಮಾಸ್ತರು ಹುಷಾರಾದ್ರು ಕಾಣೇ!”